ಗೋಧಿ ಹಡಗಿನ ವಿಮಾನ, ನನ್ನ ಮದುವೆ

ನಿಜ ಹೇಳಿದವನಿಗೆ ಹೆಣ್ಣು ಸಿಗಲ್ಲ ಅಂತ ನನ್ನ ಹಣೇಲಿ ಬರೆದಿತ್ತು ಅಂತ ಕಾಣುತ್ತೆ. ಎರಡನೇ ಮಹಾಯುದ್ಧ ಮುಗಿಸಿ ಬಂದು ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆದೆ. ವಯಸ್ಸು ಮೂವತ್ತೈದಾಯ್ತು. ಅಮ್ಮ ಹರಕೆ ಹೊತ್ತು ಹೊತ್ತು ಸೋತಿದ್ದಳು. ಹೆಣ್ಣು ನೋಡೋಕೆ ಹೋದ ಮನೆಯಲ್ಲೆಲ್ಲ ಒಂದೇ ಪ್ರಶ್ನೆ: "ಯುದ್ಧದಲ್ಲಿ ಏನು ಕೆಲಸ?" ಅಲ್ಲಿಗೆ ನನ್ನ ಕಥೆ ಮುಗೀತು.

ಓಲ್ಡ್ ಟೌನಿನ ದಿನಸಿ ವ್ಯಾಪಾರಿ

"ಗೋಧಿ ಸಾಗಿಸೋ ಹಡಗು. ಯುದ್ಧದ ಹಡಗು ಸಾಲದೆ ಈ ಗೋಧಿ ಹಡಗಿನ ಮೇಲೇ ತಗಡು ಹಾಸಿ ವಿಮಾನ ಇಳಿಸ್ತಿದ್ರು. ನಾನು ಅಲ್ಲಿದ್ದೆ," ಅಂದೆ.

"ಮತ್ತೆ ಗೋಧಿ?"

"ಕೆಳಗೆ ಹಾಗೇ ಇರ್ತಿತ್ತು."

"ಮೇಲೆ ವಿಮಾನ ಬಿದ್ರೆ ಗೋಧಿ ಹಾಳಾಗೋದಿಲ್ವಾ?"

"ಗೋಧಿಗೆ ಒಂದು ಸಲಾನೂ ಏನೂ ಆಗ್ಲಿಲ್ಲ. ಸಮುದ್ರಕ್ಕೆ ಹೋಗ್ತಿದ್ದದ್ದು ವಿಮಾನ."

ಅವರು ಅಮ್ಮನ ಕಡೆ ತಿರುಗಿ, "ಕಾಗದ ಹಾಕ್ತೀವಿ ತಾಯಿ" ಅಂದ್ರು. ಅವರ ಮನೆ ನಮ್ಮ ಮನೆಯಿಂದ ಮೂರನೇದು.

ಶಿವಮೊಗ್ಗದ ಮೇಷ್ಟ್ರು

"ಹಡಗಿನ ಮಾತೆತ್ತಬೇಡ ಮಾರಾಯ" ಅಂತ ಅಮ್ಮ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ಅದಕ್ಕೆ ಬರೀ ವಿಮಾನದ ಮಾತೆತ್ತಿದೆ. ನಮ್ಮ ವಿಮಾನದ ರೆಕ್ಕೆ ಬಟ್ಟೆಯದು. ಒಳಗೆ ಜಾಗ ಸಾಲದೆ ಹೊರಗೇ ಕಟ್ಟಿ ಹಾಕಿದ್ರೆ ಬಿರುಗಾಳಿಗೆ ಹರೀತಿತ್ತು. ಹರಿದದ್ದನ್ನ ನಾನು ಹೊಲೀತಿದ್ದೆ.

ಮೇಷ್ಟ್ರು ನಂಬಲಿಲ್ಲ. ಒಳಗಿಂದ ಹರಿದ ದಿಂಬಿನ ಚೀಲ, ಸೂಜಿ, ದಾರ ತರಿಸಿದರು. ಹೆಣ್ಣು ನೋಡೋಕೆ ಹೋದವನು ಚಾಪೆ ಮೇಲೆ ಕೂತು ಹೊಲಿದೆ. ಚೆನ್ನಾಗೇ ಹೊಲಿದೆ. ವಾರದಲ್ಲಿ ಉತ್ತರ ಬಂತು: ಹುಡುಗ ಒಳ್ಳೆಯವನು, ಆದರೆ ನಾವು ಹುಡುಕ್ತಿರೋದು ದರ್ಜಿಯನ್ನಲ್ಲ.

ಮಾಚೇನಹಳ್ಳಿಯ ಬಸ್ ಡ್ರೈವರ್

ನನಗೂ ಬದುಕು ಸಾಕಾಗಿತ್ತು. ಇವರ ಮುಂದೆ ಎಲ್ಲಾ ಹೇಳಿಬಿಟ್ಟೆ. ಬಾಗಿಲ ಹಿಂದೆ ನಿಂತು ಕೇಳ್ತಿದ್ದ ಹುಡುಗಿ ಮೆಲ್ಲಗೆ ನಕ್ಕಳು. ಆ ನಗು ಕೇಳಿ, ದೇವರೇ, ಇದೊಂದು ಮನೆಯಲ್ಲಾದರೂ ಆಗಲಿ ಅಂದುಕೊಂಡೆ.

ಡ್ರೈವರ್ ಕೇಳಿದರು, "ಇಳಿಯೋ ಜಾಗ ಎಷ್ಟುದ್ದ?"

"ಇಲ್ಲಿಂದ ಆ ಹುಣಸೆಮರದ ತನಕ."

"ನೆಲ ಅಲ್ಲಾಡ್ತಿತ್ತಾ?"

"ತೊಟ್ಟಿಲ ಹಾಗೆ."

"ನಿಲ್ಲಿಸೋದು ಹೇಗೆ?"

"ಅಡ್ಡ ಉಕ್ಕಿನ ಹಗ್ಗ ಕಟ್ತಿದ್ವಿ. ವಿಮಾನದ ಬಾಲದ ಕೊಕ್ಕೆ ಅದಕ್ಕೆ ಸಿಕ್ಕಬೇಕು."

"ಸಿಕ್ಕದಿದ್ರೆ?"

"ಮುಂದೆ ಸಮುದ್ರ."

"ನೀವೆಲ್ಲಿ ನಿಲ್ತಿದ್ರಿ?"

"ಹಗ್ಗದ ಪಕ್ಕ."

ಅವರು ಹುಣಸೆಮರದ ತನಕ ಕಣ್ಣಳತೆ ಹಾಕಿದರು. "ಇದು ನಿಜಾನೇ. ಕಂಡವನು ಮಾತ್ರ ಹೀಗೆ ಹೇಳೋಕಾಗೋದು" ಅಂದ್ರು. ಇಷ್ಟು ವರ್ಷಕ್ಕೆ ಒಬ್ಬರು ನಂಬಿದ್ರು. ಅಮ್ಮ ಕಣ್ಣೊರೆಸಿಕೊಂಡು ತಾಂಬೂಲದ ತಟ್ಟೆಗೆ ಕೈ ಚಾಚಿದಳು.

ಅವರು ತಟ್ಟೆಯನ್ನ ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಸುಳ್ಳಾಗಿದ್ರೆ ಮಗಳನ್ನ ಕೊಡ್ತಿದ್ದೆ ತಾಯಿ. ಸುಳ್ಳು ಹೇಳೋರೂ ಸಂಸಾರ ಮಾಡ್ತಾರೆ. ಬುದ್ಧಿ ಇರೋನು ಆ ಹಗ್ಗದ ಪಕ್ಕ ನಿಲ್ಲಲ್ಲ. ನಿಮ್ಮ ಹುಡುಗ ನಿಜವಾಗ್ಲೂ ಅಲ್ಲಿ ನಿಂತಿದ್ದಾನಲ್ಲ."