ಮುಂದಿನ ಕ್ಯಾಮೆರಾದಲ್ಲಿ ಏನೇನು ಇರುವುದಿಲ್ಲ ಎಂಬ ಬಗ್ಗೆ

ಮುಂದೆ ಏನು ಮಾಡುತ್ತೀರೆಂದು ಯಾರಿಗೂ ಬಾಯಿ ಬಿಡದ, ಆದರೂ ಊರೆಲ್ಲ ಅದನ್ನೇ ಮಾತಾಡುವಂತೆ ಮಾಡಿರುವ ದುಬಾರಿ ಕ್ಯಾಮೆರಾ ಕಂಪನಿಯ ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಿಮ್ಮ ಕ್ಯಾಮೆರಾದ ಬೆಲೆ ನೋಡಿದರೆ ಕ್ಷೇಮವಾಗಿರದೆ ನಿಮಗೆ ಬೇರೆ ದಾರಿಯೂ ಇಲ್ಲ. ನಾನು ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ನಲವತ್ತಮೂರು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವನು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ಈ ಪತ್ರದಲ್ಲಿ ಎಲ್ಲಾದರೂ ಮರ್ಯಾದೆ ಕಡಿಮೆಯಾಗಿದ್ದರೆ ಅದು ಅಜ್ಞಾನದಿಂದ ಆದದ್ದಲ್ಲ, ಸಿಟ್ಟಿನಿಂದ ಆದದ್ದು ಎಂದು ತಿಳಿಯತಕ್ಕದ್ದು.

ವಿಷಯ ಏನೆಂದರೆ, ನನ್ನ ಜೊತೆ ಸ್ಟುಡಿಯೋ ನಡೆಸುವ ಮಗಳು ಮೂರು ವರ್ಷದಿಂದ ನಿಮ್ಮ ಮುಂದಿನ ಕ್ಯಾಮೆರಾಕ್ಕೆ ಕಾಯುತ್ತಿದ್ದಾಳೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ನಿಮ್ಮ ಬಗ್ಗೆ ಎದ್ದಿರುವ ಗಾಳಿಸುದ್ದಿ ಓದುತ್ತಾಳೆ. ಯಾರೋ ನಿಮ್ಮ ಕಾರ್ಖಾನೆಯ ಕಸದ ಬುಟ್ಟಿಯ ಚಿತ್ರ ಹಾಕಿದರೆ, ಅದರೊಳಗಿನ ರಟ್ಟಿನ ಚೂರು ನೋಡಿ ಬರಲಿರುವ ಕ್ಯಾಮೆರಾದ ಅಗಲ ಹೇಳಿಬಿಡುವಂಥ ಪಂಡಿತರ ಸಹವಾಸ ಅವಳದು. ಗಂಡನನ್ನು ಆರಿಸಿಕೊಳ್ಳುವಾಗಲೂ ಅವಳು ಇಷ್ಟು ವಿಚಾರಣೆ ಮಾಡಿರಲಿಲ್ಲ. ಅದು ಅಳಿಯನನ್ನು ನೋಡಿದರೇ ಗೊತ್ತಾಗುತ್ತದೆ.

ಆ ಪಂಡಿತರು ಹೇಳುವುದನ್ನು ಕೇಳಿ ನಿಮ್ಮ ಧೋರಣೆ ನನಗೂ ಅರ್ಥವಾಗಿದೆ. ಮೊದಲು ರೀಲು ತೆಗೆದಿರಿ, ಸುಮ್ಮನಿದ್ದೆ. ಒಳಗಿನ ಕನ್ನಡಿ ತೆಗೆದಿರಿ, ಬೆಲೆ ಏರಿತು. ಬಣ್ಣ ತೆಗೆದು ಬರೀ ಕಪ್ಪು ಬಿಳುಪು ಕೊಟ್ಟಿರಿ, ಇನ್ನೂ ಏರಿತು. ಬೆನ್ನಿನ ಪರದೆ ತೆಗೆದಿರಿ, ಜನ ಸಾಲು ನಿಂತರು. ಈಗ ಮುಂದಿನದರಲ್ಲಿ ಬಟನ್ ಒತ್ತಿದಾಗ ಬರುವ ಸದ್ದೂ ಇರುವುದಿಲ್ಲವಂತೆ. ತೆಗೆಯುತ್ತಾ ಹೋದಷ್ಟೂ ಬೆಲೆ ಏರುವ ಈ ವಿದ್ಯೆಗೆ ಕೈ ಮುಗಿಯಬೇಕು. ನಮ್ಮ ಕೆಳಗಿನ ಬೇಕರಿಯವನು ಬನ್ನಿನೊಳಗಿನ ಬೆಣ್ಣೆ ತೆಗೆದ ದಿನ ಗಿರಾಕಿಗಳು ಅವನ ಗಾಜು ಒಡೆಯುವುದೊಂದು ಬಾಕಿಯಿತ್ತು. ಆದ್ದರಿಂದ ಒಂದು ಸಣ್ಣ ವಿನಂತಿ: ಹೀಗೆ ಕಂತಿನಲ್ಲಿ ಸತಾಯಿಸುವ ಬದಲು ಬಟನ್ನು, ಲೆನ್ಸು, ಕೊನೆಗೆ ಕ್ಯಾಮೆರಾವನ್ನೂ ಒಟ್ಟಿಗೇ ತೆಗೆದುಹಾಕಿ, ಬರೀ ಪೆಟ್ಟಿಗೆ, ತೊಗಲಿನ ಪಟ್ಟಿ ಮತ್ತು ಗ್ಯಾರಂಟಿ ಕಾರ್ಡು ಮಾರಿಬಿಡಿ. ಸಾಲಿನಲ್ಲಿ ನನ್ನ ಮಗಳು ಮೊದಲನೆಯವಳಾಗಿ ನಿಂತಿರುತ್ತಾಳೆ. ಕೈಗೆ ಎಷ್ಟು ಹಗುರ ಎಂದು ಅವಳ ಪಂಡಿತರು ಹತ್ತು ಪುಟ ಬರೆಯುತ್ತಾರೆ.

ಆದರೆ ಸದ್ದಿನ ತಂಟೆಗೆ ಮಾತ್ರ ಬರಬೇಡಿ ಎಂದು ಹೇಳಲೆಂದೇ ಈ ಪತ್ರ ಶುರು ಮಾಡಿದ್ದು. ಕ್ಯಾಮೆರಾ ಎದುರು ನಿಂತ ಮನುಷ್ಯ ಮನುಷ್ಯನಾಗಿರುವುದಿಲ್ಲ, ಕಂಬವಾಗಿರುತ್ತಾನೆ. 'ಟಕ್' ಎಂದು ಕೇಳಿದ ಮೇಲೆಯೇ ಅವನು ಮುಗಿಯಿತೆಂದು ಉಸಿರು ಬಿಟ್ಟು, ಹೆಗಲು ಇಳಿಸಿ, ಪಕ್ಕದವನ ಕಡೆ ತಿರುಗಿ ನಗುವುದು. ನಾನು ಎರಡನೇ ಸಲ ಒತ್ತುವುದು ಆಗ. ನಲವತ್ತಮೂರು ವರ್ಷ ನಾನು ಮಾರಿದ್ದೆಲ್ಲ ಆ ಎರಡನೆಯದೇ. ಅದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಸದ್ದು ಹೋದರೆ ನಾನೂ ಹೋದಂತೆ. ಮಗಳ ಲೆಕ್ಕಾಚಾರವೂ ಅದೇ. "ಹೊಸದು ಬರ್ಲಿ ಅಪ್ಪ, ಆಮೇಲೆ ನೀನು ಮನೇಲಿ ಆರಾಮಾಗಿ ಕೂತ್ಕೋ, ಈ ಮೆಟ್ಟಿಲು ಹತ್ತೋದು ಸಾಕು" ಎನ್ನುತ್ತಾಳೆ. ಮನೆಯಲ್ಲಿ ಅಳಿಯ ಪಿಟೀಲು ಕಲಿಯುತ್ತಿದ್ದಾನೆ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಕಳೆದ ವಾರ ಅವಳು ಅಭ್ಯಾಸಕ್ಕೆಂದು ಗೆಳತಿಯಿಂದ ಬೇರೆ ಕಂಪನಿಯ, ಸದ್ದೇ ಮಾಡದ ಒಂದು ಕ್ಯಾಮೆರಾ ಕೇಳಿ ತಂದಳು. ಇದು ಬರಲಿರುವ ನಿಮ್ಮದರ ದಾಯಾದಿ ಅಣ್ಣನಂತೆ. ಅವತ್ತು ಬಸ್ ಡಿಪೋದವರ ಗ್ರೂಪ್ ಫೋಟೋ ಇತ್ತು. ಡಿಪೋ ಮ್ಯಾನೇಜರರು ವರ್ಗವಾಗಿ ಅಂದೇ ಸಂಜೆ ಹೊರಡುವವರು, ಇನ್ನೊಂದು ಸಲ ತೆಗೆಯುವ ಮಾತೇ ಇಲ್ಲ. ನನಗೆ ಡಿಪೋ ಅಂಗಳದ ನೆರಳಿನಲ್ಲಿ ಕುರ್ಚಿ ಹಾಕಿ, "ನೀನು ಸುಮ್ನೆ ನೋಡ್ತಿರು" ಎಂದಳು. ನೋಡಿದೆ.

ಮೂವತ್ತೊಂದು ಮಂದಿ ಡ್ರೈವರು ಕಂಡಕ್ಟರುಗಳು, ನಡುವೆ ಮ್ಯಾನೇಜರರು. ಇವರೆಲ್ಲ ಜೀವಮಾನವಿಡೀ ಗಂಟೆ ಕೇಳದೆ ಗಾಡಿ ಕದಲಿಸದವರು. ಸದ್ದು ಬರಲಿಲ್ಲ, ಇವರೂ ಕದಲಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ರೆಪ್ಪೆ ಹೊಡೆಯದೆ ನಿಂತೇ ಇದ್ದರು. ಮುಖಗಳು ಕೆಂಪಾದವು, ಆಮೇಲೆ ನೇರಳೆಯಾದವು, ಹಿಂದಿನ ಸಾಲಿನ ಬೆಂಚು ನಡುಗತೊಡಗಿತು. ದಪ್ಪನೆಯ ಡ್ರೈವರೊಬ್ಬರ ಅಂಗಿಯ ಗುಂಡಿ ಕಿತ್ತು ಹಾರಿ ಮ್ಯಾನೇಜರರ ಬೋಳು ತಲೆಗೆ ಬಡಿಯಿತು. ಫೋಟೋ ಕೆಡುತ್ತದೆಂದು ಅವರು ಅದಕ್ಕೂ ಮಿಸುಕಲಿಲ್ಲ. ಕೊನೆಗೆ ಕಂಡಕ್ಟರಮ್ಮ ಒಬ್ಬಳು ತುಟಿ ಅಲ್ಲಾಡಿಸದೆ, "ತಾಯೀ, ತೆಗೆದ್ಯಾ ಇಲ್ವಾ? ಇಲ್ಲಿ ಒಬ್ಬೊಬ್ರೇ ಮೇಲಕ್ಕೆ ಹೊರಡೋ ಹಾಗಿದೆ" ಎಂದಳು. ಮಗಳು ಆಗಲೇ ಹದಿನಾಲ್ಕು ತೆಗೆದಿದ್ದಳು. ಹದಿನಾಲ್ಕರಲ್ಲೂ ಮೂವತ್ತೆರಡು ಜನ ಇಂಜೆಕ್ಷನ್ನಿಗೆ ಕಾಯುತ್ತಿರುವವರ ಹಾಗಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ಮಗಳ ಪಕ್ಕ ನಿಂತು, ಬೈಯಲೆಂದು ಬಾಯಿ ತೆರೆದವನು, ಏನನ್ನಿಸಿತೋ, ನಾಲಿಗೆಯನ್ನು ಹಲ್ಲುಸೆಟ್ಟಿಗೆ ಬಡಿದು ಜೋರಾಗಿ 'ಟಕ್' ಎಂದೆ. ಮೂವತ್ತೆರಡು ಹೊಟ್ಟೆಗಳು ಒಟ್ಟಿಗೇ ಹೊರಬಂದವು. ದಪ್ಪನೆಯವರು ಗುಂಡಿ ಹುಡುಕಲು ಬಗ್ಗಿದರು, ಮ್ಯಾನೇಜರರು ತಲೆ ಸವರಿಕೊಂಡು ನಕ್ಕರು, ಕಂಡಕ್ಟರಮ್ಮ "ರೈಟ್, ರೈಟ್" ಎಂದು ಕೂಗಿದಳು. ಸರಿಯಾಗಿ ಆಗಲೇ ಮಗಳು ಒತ್ತಿದಳು. ನಾನು ಯಾವತ್ತೂ ಅವಳಿಗೆ ಅದನ್ನು ಹೇಳಿಕೊಟ್ಟವನಲ್ಲ.

ಚಿತ್ರ ನೋಡಿ ಅವಳು ಮೊದಲಿನ ಹದಿನಾಲ್ಕನ್ನೂ ಅಳಿಸಿದಳು. ಆಮೇಲೆ, "ನಾಳೆ ಹತ್ತಕ್ಕೆ ನರ್ಸ್‌ಗಳ ಗ್ರೂಪ್ ಇದೆ. ಹಲ್ಲುಸೆಟ್ ಮರೀದೆ ಹಾಕ್ಕೊಂಡು ಬಾ" ಎಂದಳು.

ಆದ್ದರಿಂದ ಮಾನ್ಯರೇ, ಸದ್ದು ತೆಗೆಯಬೇಕೆಂದಿದ್ದರೆ ಧಾರಾಳವಾಗಿ ತೆಗೆಯಿರಿ. ನನ್ನ ಆಕ್ಷೇಪಣೆಯನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಪೆಟ್ಟಿಗೆಯ ಜೊತೆ ಕೊಡುವ ಪುಸ್ತಿಕೆಯ ಬಿಡಿಭಾಗಗಳ ಪಟ್ಟಿಯಲ್ಲಿ, ಲೆನ್ಸಿನ ಮುಚ್ಚಳದ ಕೆಳಗೆ, 'ಮುದುಕ, ಒಂದು' ಎಂದು ಸೇರಿಸತಕ್ಕದ್ದು. ದಿನಕ್ಕೆ ಎರಡು ಲೋಟ ಟೀ ಹಾಕಿದರೆ ಚಾರ್ಜ್ ಸಂಜೆಯವರೆಗೆ ನಿಲ್ಲುತ್ತದೆ. ಮೆಟ್ಟಿಲು ಹತ್ತುವಾಗ ಮಂಡಿಯಿಂದ ಬರುವ ಸದ್ದು ದೋಷವಲ್ಲ. ರಿಪೇರಿಗೆ ಬಿಚ್ಚಬಾರದು.

ಮನೆಗೆ ಹೋಗಲು ಇನ್ನೂ ಒಪ್ಪದ,
ತಮ್ಮ ವಿಶ್ವಾಸಿ,
ಮಹಡಿ ಸ್ಟುಡಿಯೋದ ಯಜಮಾನ, ಈಗ ಬಿಡಿಭಾಗ

ವಿ.ಸೂ.: ಅದರ ಮುಂದಿನ ಮಾದರಿಯಲ್ಲಿ ಸದ್ದನ್ನು ಮತ್ತೆ ಸೇರಿಸಿ, ಸೇರಿಸಿದ್ದಕ್ಕೂ ಬೆಲೆ ಏರಿಸುತ್ತೀರೆಂದು ಈ ಬೆಳಗಿನ ಗಾಳಿಸುದ್ದಿ. ಸೇರಿಸುವುದೇ ಆದರೆ, ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿದವನನ್ನು ಅವನ ಅತ್ತೆಯ ಎದುರಿಗೇ ಬೈದು ಕಣ್ಣು ಬಿಡಿಸುವುದನ್ನೂ ಸೇರಿಸಿ. ಅದು ನಿಮ್ಮ ಯಂತ್ರಕ್ಕೆ ಬರುವವರೆಗೆ ನಾನು ಇಲ್ಲೇ ಇರುತ್ತೇನೆ. ನಿಧಾನವಾಗಿ ಸಂಶೋಧನೆ ಮಾಡಿ.