ಮೇಜರ್ ಮನೆಯ ಮೂಲಪುರುಷ

ಕರಡಯ್ಯನವರಿಗೆ ವಾರದಲ್ಲಿ ಆರು ದಿನ ಯಾವ ಕಾಯಿಲೆಯೂ ಇರಲಿಲ್ಲ. ಏಳನೆಯ ದಿನ ಮಾತ್ರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ತಲೆನೋವು ಶುರುವಾಗುತ್ತಿತ್ತು. ಆ ಹೊತ್ತಿಗೆ ಅವರ ಹೆಂಡತಿಯ ಅಣ್ಣ, ಅಂದರೆ ಭಾವ, ಗೇಟು ತೆಗೆದುಕೊಂಡು ಒಳಗೆ ಬರುತ್ತಿದ್ದರು.

(ಕರಡಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ್ದಕ್ಕೆ ಅಲ್ಲಿನವರು ಕೊಟ್ಟ ಬಿರುದು. ಅವರಿಂದ ತಿದ್ದಿಸಿಕೊಂಡವರು ಬೆನ್ನ ಹಿಂದೆ ಅದರ ಕೊನೆಯನ್ನು ಕೊಂಚ ಬದಲಿಸಿ ‘ಕರಡಿ’ ಎನ್ನುತ್ತಿದ್ದುದೂ ಉಂಟು.)

ಭಾವ ಎಂದೂ ಒಬ್ಬರೇ ಬಂದವರಲ್ಲ. ಜೊತೆಯಲ್ಲಿ ತಮ್ಮ ಮುತ್ತಾತನನ್ನೂ ಕರೆತರುತ್ತಿದ್ದರು. ಪರದೇಶಿಯರು ಆಳುತ್ತಿದ್ದ ಕಾಲದಲ್ಲಿ ನ್ಯಾಯಾಧೀಶರಾಗಿದ್ದ ಆ ಮಹಾನುಭಾವರು ಮೊದಲ ಲೋಟ ಚಹಾದ ಜೊತೆ ಮಾತಿಗೆ ಬಂದು ಕೂತರೆಂದರೆ ಊಟ ಮುಗಿದು ಕೈ ತೊಳೆದರೂ ಎದ್ದು ಹೋಗುತ್ತಿರಲಿಲ್ಲ. ಅವರ ಮೀಸೆ, ಅವರ ಬೆತ್ತ, ಅವರು ಕೆಮ್ಮಿದರೆ ಕಳ್ಳರು ತಪ್ಪೊಪ್ಪಿಕೊಳ್ಳುತ್ತಿದ್ದ ವೈಖರಿ, ಎಲ್ಲವೂ ಕರಡಯ್ಯನವರಿಗೆ ಬಾಯಿಪಾಠವಾಗಿತ್ತು.

ಒಂದು ಭಾನುವಾರ ಭಾವ ಬಾಯಿ ಒರೆಸಿಕೊಂಡು, “ಅಲ್ರೀ, ನಿಮ್ಮ ಕಡೆ ಹೇಳಿಕೊಳ್ಳೋಂಥೋರು ಯಾರೂ ಇಲ್ವಾ?” ಎಂದುಬಿಟ್ಟರು.

ಕರಡಯ್ಯನವರ ಮನೆಯನ್ನು ಅಂಚೆಯವನಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ‘ಮೇಜರ್ ಮನೆ’ ಎಂದೇ ಕರೆಯುತ್ತಿದ್ದರು. ಯಾಕೆ ಹಾಗೆ ಎಂದು ಅವರು ಅರವತ್ತೆರಡು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಅಂದೂ ಯೋಚಿಸಲಿಲ್ಲ.

“ನಮ್ಮ ಮುತ್ತಾತ ಮೇಜರ್!” ಎಂದರು.

“ಯಾವ ದಂಡಿನಲ್ಲಿ?”

“ದೊಡ್ಡ ದಂಡಿನಲ್ಲಿ.”

“ದಾಖಲೆ ಇದೆಯಾ?”

“ಇದೆ.”

“ಎಲ್ಲಿದೆ?”

“ಇರೋ ಕಡೆ ಇದೆ.”

ಭಾವ ನಕ್ಕರು. ಅವರು ಏನಾದರೂ ಹೇಳಿದ್ದರೆ ಕರಡಯ್ಯನವರು ತಡೆದುಕೊಳ್ಳುತ್ತಿದ್ದರು; ಆ ನಗುವನ್ನು ತಡೆದುಕೊಳ್ಳಲಾಗಲಿಲ್ಲ. ಮೂರು ತಿಂಗಳಲ್ಲಿ ದಾಖಲೆ ತಂದು ತೋರಿಸುತ್ತೇನೆಂದು ಮೇಜು ಗುದ್ದಿ ಶಪಥ ಮಾಡಿದರು. ಚಹಾದ ಲೋಟ ಉರುಳಿ ಭಾವನ ಪಂಚೆಯ ಮೇಲೆ ಬಿತ್ತು. ಅಷ್ಟರಮಟ್ಟಿಗೆ ಅಂದಿನ ಜಯ ಇವರದೇ.

ಹೆಂಡತಿ ಮುಂಗೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಅಣ್ಣ ಹೋದ ಮೇಲೆ ಯಂತ್ರದ ಪೆಡಲು ನಿಲ್ಲಿಸಿ, “ಕನ್ನಡಕ ಹಣೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕೋರು ನೀವು. ನೂರು ವರ್ಷದ ಹಿಂದೆ ಸತ್ತೋರನ್ನ ಹುಡುಕ್ತೀರಾ?” ಎಂದಳು.

“ನಿಮ್ಮಣ್ಣನಿಗೆ ಬುದ್ಧಿ ಕಲಿಸಬೇಕು.”

“ನಾನೂ ಅದೇ ನ್ಯಾಯಾಧೀಶರ ಮರಿಮಗಳೇ ಕಣ್ರೀ. ಅದರಿಂದ ನನಗೇನು ಒಂದು ಗುಂಡಿ ಹೆಚ್ಚಿಗೆ ಸಿಕ್ಕಿತಾ? ಸುಮ್ಮನೆ ಕೂತ್ಕೊಂಡು ಈ ಅಂಗಿಗೆ ಕಾಜಾ ಹೊಲೀರಿ.”

ಕರಡಯ್ಯನವರು ಸುಮ್ಮನೆ ಕೂರಲಿಲ್ಲ. ಮರುದಿನವೇ ನೋಟುಪುಸ್ತಕ ಹಿಡಿದು ಸೋದರತ್ತೆಯ ಮನೆಗೆ ಹೊರಟರು. ತಂದೆಯ ಕೊನೆಯ ತಂಗಿ. ತೊಂಬತ್ತು ದಾಟಿ, ಎರಡು ಬೀದಿ ಆಚೆ ಮಗಳ ಮನೆಯಲ್ಲಿ ಕಿಟಕಿ ಪಕ್ಕದ ಮಂಚವನ್ನೇ ಸಿಂಹಾಸನ ಮಾಡಿಕೊಂಡು ಕೂತಿದ್ದ ಮುದುಕಿ. ಒಂದು ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಇನ್ನೊಂದು ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತಿತ್ತು.

“ಅತ್ತೇ, ಮೇಜರ್ ಎಂಥವರು?” ಎಂದು ಕರಡಯ್ಯನವರು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಮುದುಕಿಯ ಮುಖ ಅರಳಿತು. “ಮೇಜರಾ? ಅಂಥೋನು ಇನ್ನು ಹುಟ್ಟಲ್ಲ ಬಿಡು. ನಮ್ಮಪ್ಪ ಮಗುವಾಗಿದ್ದಾಗ ಬೆನ್ನ ಮೇಲೆ ಕೂರಿಸ್ಕೊಂಡು ಅಂಗಳವೆಲ್ಲ ಸುತ್ತೋನಂತೆ. ಒಂದು ದಿನ ಕುರ್ಚಿ ಮೇಲೆ ಕೂತೋನಲ್ಲ. ಹೊಸಬರು ಬೀದಿ ತುದೀಲಿ ಕಾಲಿಟ್ರೆ ಸಾಕು, ಇಲ್ಲಿ ಎದ್ದು ನಿಂತಿರೋನು. ಹಾಕಿದ್ದು ತಿಂದ್ಕೊಂಡು ಬಾಗಿಲಲ್ಲೇ ಬಿದ್ದಿರ್ತಿದ್ದ, ಪಾಪ.”

‘ಮಕ್ಕಳೆಂದರೆ ಪ್ರಾಣ. ಸರಳ ಜೀವನ. ಅತಿಥಿ ಸತ್ಕಾರದಲ್ಲಿ ಮುಂದು. ಕರ್ತವ್ಯನಿಷ್ಠೆ’ ಎಂದು ಕರಡಯ್ಯನವರು ಬರೆದುಕೊಂಡರು. ಅಂಥ ಹಿರಿಯರನ್ನು ಅತ್ತೆ ಏಕವಚನದಲ್ಲಿ ಕರೆದದ್ದು ಅವರಿಗೆ ಸರಿಕಾಣಲಿಲ್ಲ. ಟಿಪ್ಪಣಿಯಲ್ಲಿ ಎಲ್ಲ ಕಡೆಯೂ ಬಹುವಚನ ಮಾಡಿಕೊಂಡರು.

ಊರಿನ ಹಳೆಯ ಕಾಗದಪತ್ರಗಳೆಲ್ಲ ಒಂದೇ ಕಟ್ಟಡದಲ್ಲಿದ್ದವು. ತೆರಿಗೆಯವು ನೆಲಮಾಳಿಗೆಯಲ್ಲಿ, ಜಮೀನಿನವು ಮೊದಲ ಮಹಡಿಯಲ್ಲಿ, ಕೋರ್ಟಿನವು ಅಟ್ಟದಲ್ಲಿ. ಮೂರಕ್ಕೂ ಒಬ್ಬರೇ ಮೇಡಂ. ಸೊಂಟದಲ್ಲಿ ಬೀಗದಕೈ ಗೊಂಚಲು, ಮೂಗಿಗೆ ಕಟ್ಟಿದ ಕರವಸ್ತ್ರ. ಅವರ ರಾಜ್ಯದಲ್ಲಿ ಕಾನೂನು ಒಂದೇ: ಮೂರಕ್ಕಿಂತ ಹೆಚ್ಚು ಸಲ ಸೀನಿದವರು ಹೊರಗೆ ಹೋಗಬೇಕು, ಯಾಕೆಂದರೆ ಸೀನಿದರೆ ಚರಿತ್ರೆ ಹಾರಿಹೋಗುತ್ತದೆ. ಮೊದಲ ವಾರ ಕರಡಯ್ಯನವರು ಒಳಗಿದ್ದುದಕ್ಕಿಂತ ಹೊರಗಿದ್ದುದೇ ಹೆಚ್ಚು.

ಒಂಬತ್ತನೆಯ ದಿನ ನೆಲಮಾಳಿಗೆಯಲ್ಲಿ ಒಂದು ತೆರಿಗೆ ಪುಸ್ತಕ ಸಿಕ್ಕಿತು. ರಟ್ಟು ಮತ್ತು ಮೊದಲ ಪುಟ ಗೆದ್ದಲಿನ ಪಾಲಾಗಿದ್ದರಿಂದ ಯಾವುದರ ತೆರಿಗೆ ಎಂಬುದು ತಿಳಿಯುವಂತಿರಲಿಲ್ಲ. ಆದರೆ ನಡುವಿನ ಪುಟದಲ್ಲಿ ಇವರದೇ ಬೀದಿ, ಇವರದೇ ಮನೆ: ‘ಮೇಜರ್. ಗಂಡು. ಬಣ್ಣ ಕಂದು. ವಯಸ್ಸು ಮೂರು. ತೆರಿಗೆ ಸಂದಿದೆ. ಬಿಲ್ಲೆ ಕೊಡಲಾಗಿದೆ.’

ಮನೆಗೆ ಹಾರಿಕೊಂಡೇ ಬಂದರು. ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಟ್ಟೆ ಕತ್ತರಿಸುತ್ತಿದ್ದಳು. ಓದಿ ಹೇಳಿದ್ದನ್ನು ಕೇಳಿ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು.

“ಮೂರು ವರ್ಷದ ಮೇಜರಾ?”

“ಮೂವತ್ತಮೂರು ಕಣೇ. ಮೂವತ್ತನ್ನ ಗೆದ್ದಲು ತಿಂದಿದೆ.”

“ಗೆದ್ದಲಿಗೆ ಲೆಕ್ಕ ಚೆನ್ನಾಗಿ ಬರುತ್ತೆ. ಬಿಲ್ಲೆ ಅಂದ್ರೆ?”

“ಪದಕ! ಸುಮ್ಮಸುಮ್ಮನೆ ಎಲ್ಲರಿಗೂ ಕೊಡ್ತಾರಾ?”

ಜಮೀನಿನ ಕಡತದಲ್ಲಿ ಸಿಕ್ಕಿದ್ದು ಇನ್ನೂ ವಿಚಿತ್ರವಾಗಿತ್ತು. ‘ಈ ಮನೆ ಮತ್ತು ಹಿತ್ತಲನ್ನು ದೊಡ್ಡ ಸಾಹೇಬರ ರೊಟ್ಟಿ ಸುಡುವವನಿಗೆ ಬಿಟ್ಟುಕೊಡಲಾಗಿದೆ. ಮೇಜರ್ ಅಲ್ಲಿ ಇರುವಷ್ಟು ಕಾಲ ಅವನನ್ನು ಮನೆಯಿಂದ ಎಬ್ಬಿಸತಕ್ಕದ್ದಲ್ಲ.’

“ಮನೆ ರೊಟ್ಟಿಯವನ ಹೆಸರಲ್ಲಿದೆಯಲ್ರೀ!”

“ಅವನು ಮೇಜರ್ ಅವರ ಆಳು. ದೊಡ್ಡ ಮನಸ್ಸಿನವರು, ಆಳಿನ ಹೆಸರಿಗೆ ಬರೆಸಿದ್ದಾರೆ.”

“ಅಂಥ ದೊಡ್ಡ ಮನಸ್ಸು ನಿಮಗೆ ಹೇಗೆ ಬರದೇ ಹೋಯ್ತು?” ಎಂದು ಹೆಂಡತಿ ಮತ್ತೆ ಪೆಡಲು ತುಳಿದಳು. ಈ ಮನೆಯಲ್ಲಿ ಇನ್ನೂ ಎಲ್ಲವೂ ಕರಡಯ್ಯನವರ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು, ಹೆಂಡತಿಯ ಹೆಸರಿಗೆ ಏನೂ ಬಂದಿರಲಿಲ್ಲ. ಅದು ಬೇರೆ ಜಗಳ.

ಕೋರ್ಟಿನ ಕಟ್ಟು ಸಿಕ್ಕಾಗ ಮಾತ್ರ ಕರಡಯ್ಯನವರು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದರು. ‘ಕಂದಾಯದ ಗುಮಾಸ್ತರು ವಸೂಲಿಗೆ ಹೋದಾಗ ಮೇಜರ್ ಅವರ ಮೇಲೆ ಎರಗಿತು. ವಿಚಾರಣೆಯ ಮೂರು ದಿನವೂ ಮೇಜರ್ ನ್ಯಾಯಾಲಯದಲ್ಲಿ ಹಾಜರಿತ್ತು. ಒಮ್ಮೆಯೂ ಬಾಯಿ ಬಿಡಲಿಲ್ಲ.’ ತೀರ್ಪಿನ ಹಾಳೆ ಕಟ್ಟಿನಲ್ಲಿ ಇರಲಿಲ್ಲ. ಸಿಕ್ಕರೆ ನಕಲು ಮಾಡಿಸಿ ತಂದುಕೊಡುತ್ತೇನೆಂದು ಮೇಡಂ ಹೇಳಿದರು.

ತೀರ್ಪು ಯಾರಿಗೆ ಬೇಕು! ಪರದೇಶಿಯರ ಪದಕ ಧರಿಸಿಯೂ ಪರದೇಶಿಯರ ತೆರಿಗೆಯವನ ಮೇಲೆ ಎರಗಿದ ವೀರ! ಗುಟ್ಟು ಬಿಟ್ಟುಕೊಡದ ಧೀರ! ಕಣ್ಣೀರು ಒರೆಸಿಕೊಳ್ಳುವಾಗಲೂ ಕರಡಯ್ಯನವರ ಕಣ್ಣಿಗೆ ಆ ‘ಎರಗಿತು’, ‘ಹಾಜರಿತ್ತು’ಗಳು ಮುಳ್ಳಿನಂತೆ ಚುಚ್ಚಿದವು. ಮನುಷ್ಯರಿಗೆ ನಪುಂಸಕಲಿಂಗವೇ? ಬರೆದವನಿಗೆ ಒಂದನೇ ತರಗತಿಯ ವ್ಯಾಕರಣವೂ ಗೊತ್ತಿಲ್ಲ! ನಕಲು ಮಾಡಿಕೊಳ್ಳುವಾಗ ಕಟ್ಟಿನಲ್ಲಿ ಹೀಗಿದ್ದ ಏಳೂ ಕಡೆ ಕೆಂಪು ಪೆನ್ಸಿಲಿನಲ್ಲಿ ‘ಎರಗಿದರು’, ‘ಹಾಜರಿದ್ದರು’ ಎಂದು ತಿದ್ದಿ, ನ್ಯಾಯಾಲಯದ ಮರ್ಯಾದೆ ಉಳಿಸಿದರು.

ಹಳೆಯ ಅಚ್ಚುಕೂಟದವರು ಹದಿನಾರು ಪುಟದ ಪುಸ್ತಿಕೆ ಮಾಡಿಕೊಟ್ಟರು. ‘ಮೇಜರ್: ನಮ್ಮ ಮೂಲಪುರುಷ.’ ಇನ್ನೂರು ಪ್ರತಿ, ಒಂದೇ ಒಂದು ಅಚ್ಚಿನ ತಪ್ಪಿಲ್ಲ. ಗೇಟಿನ ಕಂಬಕ್ಕೆ ಅದೇ ಮಾತು ಕೆತ್ತಿದ ಅಮೃತಶಿಲೆಯ ಫಲಕವೂ ಬಂತು. ಅನಾವರಣ ಮಾಡಬೇಕಾದವರು ಯಾರು? ಮತ್ತ್ಯಾರು, ಭಾವ!

ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಲವತ್ತು ಬಾಡಿಗೆ ಕುರ್ಚಿ. ಬಂಧುಗಳೆಲ್ಲ ಸೇರಿದ್ದರು. ಅತ್ತೆಯನ್ನು ಕುರ್ಚಿಸಮೇತ ಎತ್ತಿ ತಂದು ಮುಂದಿನ ಸಾಲಿನಲ್ಲಿ ಇಳಿಸಿದ್ದರು. ಫಲಕಕ್ಕೆ ಹೊದಿಸಲು ಹೆಂಡತಿ ಕೆಂಪು ಮಖಮಲ್ಲಿನ ಗವಸು ಹೊಲಿದಿದ್ದಳು, ಎಷ್ಟು ಬೈದುಕೊಂಡರೂ ಅಂಚಿಗೆ ಜರಿ ಕಟ್ಟುವುದನ್ನು ಬಿಟ್ಟಿರಲಿಲ್ಲ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಂಭೀರವಾಗಿ ಕೂತಿದ್ದರು. ಅವರ ಮುತ್ತಾತ ಅಂದು ಮನೆಯಲ್ಲೇ ಉಳಿದಿದ್ದರು.

ಕರಡಯ್ಯನವರು ಭಾಷಣಕ್ಕೆ ಎದ್ದು ನಿಂತಾಗ ದಾಖಲೆ ಕೋಣೆಯ ಮೇಡಂ ಗೇಟಿನಲ್ಲಿ ಕಾಣಿಸಿಕೊಂಡರು. ಭಾಷಣಕಾರರ ಹತ್ತಿರ ಹೋಗಲಾಗದೆ, ಕೈಲಿದ್ದ ಹಾಳೆಯನ್ನು ಚಹಾ ಕೊಡುತ್ತಿದ್ದ ಹೆಂಡತಿಗೆ ಕೊಟ್ಟರು.

“ತೀರ್ಪಿನ ಹಾಳೆ ಸಿಕ್ಕಿತು. ಆದರೆ ಸ್ವಲ್ಪ... ನೀವೇ ಓದಿಕೊಳ್ಳಿ.”

ಹೆಂಡತಿ ಎರಡು ಸಾಲು ಓದಿದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಕುಲುಕತೊಡಗಿದವು. ಆಮೇಲೆ ಗಂಡನ ಕಡೆ ನೋಡಿ, ಬೇಡ ಬೇಡ ಎಂದು ಕೈ ಆಡಿಸಿದಳು. ಅವಳು ಗದ್ಗದಿತಳಾಗಿದ್ದಾಳೆಂದು ತಿಳಿದು ಕರಡಯ್ಯನವರಿಗೆ ಇನ್ನೂ ಹುರುಪು ಬಂತು.

“ಬಂಧುಗಳೇ! ಇಲ್ಲಿ ಕೂತಿರುವ ಪ್ರತಿಯೊಬ್ಬರ ಮೈಯಲ್ಲೂ ಹರಿಯುತ್ತಿರುವುದು ಮೇಜರ್ ಅವರ ರಕ್ತ!”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಅತ್ತೆ ಮಗಳ ಕಡೆ ವಾಲಿ, “ಏನಂತೆ?” ಎಂದಳು. ಮಗಳು ಒಳ್ಳೆಯ ಕಿವಿಯಲ್ಲಿ ಕೂಗಿ ಹೇಳಿದಳು.

“ಅಯ್ಯೋ ಮುಠ್ಠಾಳ!” ಅತ್ತೆಯ ದನಿ ಮೈಕಿಗಿಂತ ಜೋರಾಗಿತ್ತು. “ಮೇಜರ್ ನಾಯಿ ಕಣೋ!”

ಕರಡಯ್ಯನವರು ಬಾಯಿ ತೆರೆದುಕೊಂಡೇ ನಿಂತರು. ಹೆಂಡತಿಯ ಕಡೆ ನೋಡಿದರು. ಅವಳು ಸೆರಗು ತೆಗೆದು ಹೌದು ಎಂದು ತಲೆಯಾಡಿಸಿದಳು.

“ಅತ್ತೇ, ನಿಮಗೆ ಗೊತ್ತಿತ್ತಾ? ಮತ್ತೆ ಅವತ್ತು ಯಾಕೆ ಹೇಳಲಿಲ್ಲ?”

“ನೀನು ಬಂದು ಕೇಳಿದ್ದು ಮೇಜರ್ ಎಂಥವರು ಅಂತ. ಎಂಥೋನು ಅಂತ ಹೇಳ್ದೆ. ಯಾರು ಅಂತ ಕೇಳಿದ್ಯಾ?”

ಆಮೇಲೆ ಎದ್ದ ನಗುವಿನಲ್ಲಿ ಬಾಡಿಗೆ ಕುರ್ಚಿ ಎರಡು ಮುರಿದವು. ಒಬ್ಬರು ಪುಸ್ತಿಕೆ ತೆರೆದು ‘ಮೇಜರ್ ಅವರು ಎರಗಿದರು’ ಎಂಬಲ್ಲಿ ಬೆರಳಿಟ್ಟು ಪಕ್ಕದವರಿಗೆ ತೋರಿಸಿದರು. ಕರಡಯ್ಯನವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭಾವನ ಮುಖ ನೋಡುವ ಧೈರ್ಯವಾಗಲಿಲ್ಲ.

“ಬೆಟ್ಟ ಅಗೆದು ನಾಯಿ ಹಿಡಿದ್ರಲ್ರೀ,” ಎನ್ನುತ್ತ ಹೆಂಡತಿ ಪಕ್ಕಕ್ಕೆ ಬಂದು ಮೈಕು ಕಿತ್ತುಕೊಂಡಳು. “ಎಲ್ಲರೂ ಸುಮ್ಮನಿರಿ. ನಗೋದಾದ್ರೆ ಪೂರ್ತಿ ಕೇಳಿ ಆಮೇಲೆ ನಗಿ. ರೊಟ್ಟಿ ಸುಡೋರು ಕೋರ್ಟಲ್ಲಿ ಹೇಳಿದ್ದು ಇಲ್ಲಿದೆ.”

ಅವಳು ಓದಿದಳು. “‘ಮೇಜರ್ ಕಚ್ಚಿದ್ದು ನಿಜ. ಗುಮಾಸ್ತರು ನನ್ನ ಮಗುವಿನ ಕಿವಿ ಹಿಂಡಿದ್ದೂ ನಿಜ. ನಾಯಿಯನ್ನು ಕೊಲ್ಲಲು ಒಪ್ಪಿಸಲಾರೆ. ಬೇಕಾದರೆ ನನ್ನನ್ನು ಸೆರೆಗೆ ಹಾಕಿ.’ ಹಾಕಿದಾರೆ. ಹನ್ನೊಂದು ದಿನ. ಕೇಳಿ ಮುಂದೆ: ‘ಅಷ್ಟೂ ದಿನ ಸದರಿ ನಾಯಿಯು ನ್ಯಾಯಾಲಯದ ಬಾಗಿಲಲ್ಲಿ ಕೂತು ಎಡೆಬಿಡದೆ ಬೊಗಳಿದ್ದರಿಂದ ಬೇರೆ ಯಾವ ಮೊಕದ್ದಮೆಯೂ ನಡೆಯದೆ, ಇಬ್ಬರನ್ನೂ ಮನೆಗೆ ಕಳುಹಿಸಲಾಗಿದೆ.’”

ಈ ಸಲ ಯಾರೂ ಕೂಡಲೇ ನಗಲಿಲ್ಲ.

“ಆ ಮಗು ನಮ್ಮಪ್ಪ,” ಎಂದಳು ಅತ್ತೆ. “ರೊಟ್ಟಿ ಸುಡೋರು ನಮ್ಮ ತಾತ. ನಿನ್ನ ಮುತ್ತಾತ ಕಣೋ ದಡ್ಡ. ಎರಡು ತಿಂಗಳಿಂದ ಅವರನ್ನ ಆಳು ಆಳು ಅಂತಿದ್ದೀಯಂತೆ?”

ಕರಡಯ್ಯನವರು ಹೆಂಡತಿಯ ಕೈಯಿಂದ ಹಾಳೆ ತೆಗೆದುಕೊಂಡು ತಾವೇ ಓದಿದರು. ಮತ್ತೊಮ್ಮೆ ಓದಿದರು. ಸಾಹೇಬರು ಊರು ಬಿಡುವಾಗ ನಾಯಿಯನ್ನೂ ಮನೆಯನ್ನೂ ರೊಟ್ಟಿಯವರಿಗೆ ಒಪ್ಪಿಸಿ ಹೋದದ್ದು, ನಾಯಿಯ ವಯಸ್ಸು, ಬಣ್ಣ, ಬಿಲ್ಲೆ ಎಲ್ಲ ಅಲ್ಲಿತ್ತು. ಮನುಷ್ಯನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ತಪ್ಪು ಹುಡುಕಿ ಸವೆದ ಆ ಕಣ್ಣುಗಳು ಮಂಜಾದವು.

“ಅವರ ಹೆಸರೇನು ಅತ್ತೇ?” ಈ ಸಲ ಅವರು ಕೂಗಲಿಲ್ಲ, ಆದರೂ ಅತ್ತೆಗೆ ಕೇಳಿಸಿತು.

“ನಿಜವಾದ ಹೆಸರು ಯಾರಿಗೆ ಗೊತ್ತು? ಊರೆಲ್ಲ ‘ಮೇಜರಪ್ಪ’ ಅಂತಿತ್ತು. ಮೇಜರ್‌ನ ಅಪ್ಪ. ಅವರಿಗೂ ಅದೇ ಇಷ್ಟ.”

ಆಗ ಭಾವ ಎದ್ದರು. ಕರಡಯ್ಯನವರು ಕಣ್ಣು ಮುಚ್ಚಿಕೊಂಡು ಏಟಿಗೆ ಸಿದ್ಧರಾದರು. ಭಾವ ಫಲಕದ ಹತ್ತಿರ ಹೋಗಿ, ಮಖಮಲ್ಲಿನ ದಾರ ಹಿಡಿದು, ಬೆರಳು ಮಡಚುತ್ತ ಏನೋ ಲೆಕ್ಕ ಹಾಕಿದರು.

“ಅಲ್ರೀ, ಮೇಜರಪ್ಪನವರು ನಿಮ್ಮ ಮುತ್ತಾತ. ಅವರ ಮಗ ನಿಮ್ಮ ತಾತ. ಮೇಜರ್ ಆ ತಾತನಿಗಿಂತ ಮುಂಚೆ ಆ ಮನೆಗೆ ಬಂದೋನು, ಎತ್ತಿ ಆಡಿಸಿದೋನು. ಹಾಗಾದ್ರೆ ಅವನು ನಿಮಗೆ ದೊಡ್ಡತಾತ ಆಗಬೇಕು. ಸಂಬಂಧ ಸುಳ್ಳೇನಲ್ಲವಲ್ಲ!” ಎಂದು, ಸ್ವಲ್ಪ ದನಿ ತಗ್ಗಿಸಿ, “ನಮ್ಮ ನ್ಯಾಯಾಧೀಶರದು ಮೀಸೆ ಬಿಟ್ಟರೆ ಹೇಳೋಕೆ ಬೇರೆ ಕಥೆ ಇಲ್ಲ ಮಾರಾಯ್ರೆ,” ಎಂದರು.

ಕರಡಯ್ಯನವರು ಆ ಮಾತನ್ನು ತಲೆಯಿಂದ ಬಾಲದವರೆಗೆ ಎರಡು ಸಲ ಪರಿಶೀಲಿಸಿದರು. ತಿದ್ದಲು ಒಂದಕ್ಷರವೂ ಸಿಗಲಿಲ್ಲ.

“ಎಳೀರಿ ಭಾವ,” ಎಂದರು. ಭಾವ ದಾರ ಎಳೆದರು.