ಹಿರಿಯ ಎಜ್ರಾನ ಕುದುರೆ

ಇಪ್ಪತ್ತೊಂಬತ್ತು ದಾಟಿದರೂ ಮೆನ್ನೊ ರೀಲ್ ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳಬೇಕಾಗಿತ್ತು. ಕಾರು ಮುಟ್ಟದೆ ಕುದುರೆಗಾಡಿಯಲ್ಲೇ ಓಡಾಡುವ ನಮ್ಮ ಆಮಿಶ್ ಕ್ರೈಸ್ತ ಮಂದಿಯಲ್ಲಿ ಗಡ್ಡ ಬಿಡುವ ಭಾಗ್ಯ ಮದುವೆಯಾದ ಗಂಡಸರಿಗೆ ಮಾತ್ರ. ಅವನ ಓರಗೆಯವರ ಗಡ್ಡ ಎದೆ ಮುಟ್ಟಿತ್ತು, ಅದನ್ನು ಹಿಡಿದು ಜಗ್ಗಿದ ಮಕ್ಕಳು ಶಾಲೆಗೂ ಸೇರಿಯಾಗಿತ್ತು. ಮೆನ್ನೊಗೆ ಆಸೆಯಿಲ್ಲ ಅಂತಲ್ಲ. ಶಾಲೆಯ ಟೀಚರ್ ಸುವಿಲ್ಲಾ ಮೇಲೆ ಮೂರು ವರ್ಷದಿಂದ ಜೀವವನ್ನೇ ಇಟ್ಟುಕೊಂಡಿದ್ದ. ಅವಳೆದುರು ಬಾಯಿ ಮಾತ್ರ ಬರುತ್ತಿರಲಿಲ್ಲ.

ಕ್ರಿಸ್ಮಸ್‌ನ ಮರುದಿನ ಎಲ್ಲರೂ ನೆಂಟರ ಮನೆ ಸುತ್ತುವ ದಿನ. ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಮೆನ್ನೊ ತಾನೇ ಮಾಡಿದ ಮರದ ಪೆಟ್ಟಿಗೆಯೊಂದನ್ನು ಹಿಡಿದು ಹೊರಟ. ಮಾಡಿದ ಒಂದೇ ತಪ್ಪೆಂದರೆ ಹೋದ ಶನಿವಾರ ಕೊಂಡ ಜೆಫ್‌ನನ್ನು ಗಾಡಿಗೆ ಕಟ್ಟಿದ್ದು. ಅದು ನಮ್ಮ ಚರ್ಚ್ ಸಭೆಯ ಹಿರಿಯ ಎಜ್ರಾ ಹತ್ತು ವರ್ಷ ಓಡಿಸಿದ ಕುದುರೆ.

ಅರ್ಧ ಮೈಲಿ ಹೋಗಿರಲಿಲ್ಲ, ಜೆಫ್ ಹೇಳದೆ ಕೇಳದೆ ಗಿಡಿಯನ್ ಎಶ್‌ನ ಅಂಗಳಕ್ಕೆ ತಿರುಗಿ, ಗೂಟ ಹೊಡೆದ ಹಾಗೆ ನಿಂತುಬಿಟ್ಟಿತು. ಲಗಾಮು ಎಷ್ಟು ಜಗ್ಗಿದರೂ ಜಪ್ಪಯ್ಯ ಎನ್ನಲಿಲ್ಲ. ಗಿಡಿಯನ್ ಹೊರಗೆ ಬಂದ. ಕಿಟಕಿಯ ಹಿಂದೆ ಅವನ ಕಿರಿಮಗಳು ಆರಿ ಇಣುಕಿದಳು.

"ಏನಪ್ಪಾ ಮೆನ್ನೊ, ಅಪರೂಪಕ್ಕೆ?"

"ನಾನು ಬರ್ಲಿಲ್ಲ ಮಾವ, ಕುದುರೆ ಬಂತು."

"ಮೊದಲು ಎಲ್ರೂ ಹಂಗೇ ಅನ್ನೋದು. ಒಳಗ್ ಬಾ."

ಆರಿಯ ತಾಯಿ ತಟ್ಟೆಗೆ ಕಾಕಂಬಿ ಪೈ ಹಾಕಿದಳು. "ಇನ್ನೊಂದು ತುಂಡು ಹಾಕ್ಕೋ, ನಮ್ಮ ಆರೀನೇ ಮಾಡಿದ್ದು. ಅವಳ ಅಕ್ಕನ ಮದುವೆ ಹೋದ ವರ್ಷ ಮುಗೀತು, ಇನ್ನು ಇವಳೊಬ್ಬಳೇ."

ಮೆನ್ನೊ ಪೈ ಅರ್ಧಕ್ಕೇ ಬಿಟ್ಟು ಎದ್ದ. ಹೇಗೋ ತಪ್ಪಿಸಿಕೊಂಡು ಬಂದರೆ, ಜೆಫ್ ಮುಂದಿನ ತಿರುವಿನಲ್ಲಿ ಐವತ್ತು ದಾಟಿದ ವಿಧವೆ ಮ್ಯಾಟಿಯ ಅಂಗಳ ಹೊಕ್ಕಿತು. ಮ್ಯಾಟಿ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೇರೆಯವರು ಎಜ್ರಾನ ಕಳಿಸಿ ಕೇಳಿಸ್ತಾರೆ. ನೀನೇ ಖುದ್ದು ಬಂದೆ, ಮೆಚ್ಚಿದೆ. ಆದ್ರೆ ನಿನ್ನ ವಯಸ್ಸಿನ ಮಗ ಇದಾನಲ್ಲೋ ನಂಗೆ."

ದಾರಿಯಲ್ಲಿ ಪಕ್ಕದ ಮನೆಯ ಫ್ಯಾನಿ ಅತ್ತೆಯ ಗಾಡಿ ಎದುರಾಯಿತು. ಅವಳು ಎಲ್ಲವನ್ನೂ ಕಂಡಿದ್ದಳು.

"ಒಂದೇ ಬೆಳಿಗ್ಗೆ ಎರಡು ಮನೆ. ಧೈರ್ಯ ಬಂದ್ರೆ ಹಿಂಗ್ ಬರಬೇಕು ನೋಡು."

"ಅತ್ತೆ, ನಮ್ಮಲ್ಲಿ ಆಣೆ ಇಡೋ ಹಾಗಿಲ್ಲ, ಇಲ್ದಿದ್ರೆ ಇಡ್ತಿದ್ದೆ. ಈ ಕುದುರೆಗೆ ಏನೋ ಆಗಿದೆ."

"ಏನೂ ಆಗಿಲ್ಲ ಕಣೋ ಪೆದ್ದ. ಗಂಡಿನ ಕಡೆಯಿಂದ ಗುಟ್ಟಾಗಿ ಹೆಣ್ಣು ಕೇಳೋಕೆ ಹೋಗೋದು ಎಜ್ರಾ ತಾನೆ? ಅವನು ಹೆಣ್ಣು ಕೇಳಿದ ಮನೆ ಬಂದ್ರೆ ಅದು ಮುಂದಕ್ಕೆ ಹೆಜ್ಜೆ ಇಡಲ್ಲ."

ಮೆನ್ನೊಗೆ ಹೋದ ಜೀವ ಬಂದಂತಾಯಿತು, ನಗುವೂ ಬಂತು. ಸುವಿಲ್ಲಾ ಮನೆಯ ತಿರುವಿನಲ್ಲಿ ಲಗಾಮು ಜಗ್ಗಲು ಸಜ್ಜಾದ. ಜಗ್ಗುವ ಮೊದಲೇ ಜೆಫ್ ತಾನಾಗಿ ತಿರುಗಿತು. "ಭೇಷ್ ಮಗನೇ" ಎಂದು ಇಳಿದು ಅದರ ಬೆನ್ನು ತಟ್ಟಹೋದವನ ಕೈ ಅರ್ಧದಲ್ಲೇ ನಿಂತಿತು. ಹಾಗಾದರೆ ಎಜ್ರಾ ಇಲ್ಲಿಗೂ ಬಂದಿದ್ದಾನೆ.

ಸುವಿಲ್ಲಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ಎಜ್ರಾ ಮಾವ ಬಂದಿದ್ರಾ?" ಎಂದ ಮೆನ್ನೊ.

"ಹೋದ ವಾರ." ಅವಳ ಕಿವಿ ಕೆಂಪಾಯಿತು.

"ಒಪ್ಕೊಂಡ್ಯಾ?"

"ಒಪ್ಕೊಂಡೆ."

ಮೆನ್ನೊನ ಎದೆ ಒಡೆದುಹೋಯಿತು. "ದೇವರು ಒಳ್ಳೇದು ಮಾಡ್ಲಿ" ಎಂದು ಪೆಟ್ಟಿಗೆಯನ್ನು ಅವಳ ಕೈಗೆ ತುರುಕಿ, ಜೆಫ್‌ನ ಕಡಿವಾಣ ಹಿಡಿದು ಎಳೆದುಕೊಂಡೇ ರಸ್ತೆಗೆ ಹೋದ. ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ.

ಒಳಗಿನಿಂದ ಸುವಿಲ್ಲಾಳ ತಾಯಿ ಓಡಿಬಂದಳು. "ಏನಂದ?"

"ಒಳ್ಳೇದಾಗ್ಲಿ ಅಂದು ಹೋಗೇಬಿಟ್ಟ, ಅಮ್ಮ." ಅವಳಿಗೆ ಅಳು ಬಂದಿತ್ತು.

"ಎಜ್ರಾನ ಕಳಿಸಿದ್ದು ಮೆನ್ನೊನ ಅಮ್ಮಾನೇ ಅಂತ ಅವನಿಗೆ ಯಾರೂ ಹೇಳಿಲ್ವೇನು ಹಾಗಾದ್ರೆ?"

"ಗುಟ್ಟಾಗಿರ್ಲಿ, ಅವನೇ ಬಂದು ಕೇಳ್ಲಿ ಅಂತ ನೀನೇ ತಾನೆ ಎಜ್ರಾ ಮಾವನಿಗೆ ಹೇಳಿ ಕಳಿಸಿದ್ದು?"

ತಾಯಿ ಮಗಳು ಇಬ್ಬರೂ ಕಿಟಕಿಗೆ ಓಡಿದರು. ಮೆನ್ನೊನ ಗಾಡಿ ಆಗಲೇ ಎದುರುಮನೆ ಲೆವಿ ಗ್ಲಿಕ್‌ನ ಅಂಗಳಕ್ಕೆ ತಿರುಗುತ್ತಿತ್ತು. ಲೆವಿಗೆ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ನಾಲ್ವರು.